ಶಾಂತಿಕಾಲದ ಎಂಟು ಸಾವು

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳನ್ನು ನಮ್ಮ ಶಾಲೆಯ ಚರಿತ್ರೆ ಪುಸ್ತಕ ಒಂದೇ ಪ್ಯಾರಾದಲ್ಲಿ ದಾಟಿಸಿಬಿಟ್ಟಿತ್ತು. 1918ರಲ್ಲಿ ಒಂದು ಮುಗಿಯಿತು, 1939ರಲ್ಲಿ ಇನ್ನೊಂದು ಶುರುವಾಯಿತು; ನಡುವೆ ಶಾಂತಿ. ಆ ಶಾಂತಿ ಎಂಥದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ‘ಹಂಟರ್’ ಎಂಬ ಬ್ರಿಟಿಷ್ ಹಡಗಿನ ಕಥೆ ಓದಿದಾಗ. ಹಡಗು, ತೋಪು ಎಂದರೆ ಗಂಡಸರ ವಿಷಯ ಎಂದು ಪುಟ ತಿರುಗಿಸಬೇಡಿ.

ಹಂಟರ್ ಡಿಸ್ಟ್ರಾಯರ್ ಜಾತಿಯ ಹಡಗು. ದೊಡ್ಡ ಯುದ್ಧನೌಕೆಗಳ ಮುಂದೆ ಇದು ಸಣ್ಣದು, ಆದರೆ ಬಲು ಚುರುಕು. ತುಂಬಿದ ಮನೆಯ ಕಿರಿಸೊಸೆಯ ಹಾಗೆ, ಓಡಾಟದ ಕೆಲಸವೆಲ್ಲ ಇದರ ಪಾಲಿಗೇ. ಉದ್ದ 323 ಅಡಿ. ನಾಲ್ಕು ತೋಪು, ಎಂಟು ಟಾರ್ಪೆಡೊ ಕೊಳವೆ. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ತಯಾರಾಗಿ 1936ರ ಫೆಬ್ರವರಿಯಲ್ಲಿ ನೀರಿಗಿಳಿಯಿತು. ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು.

ಅಷ್ಟರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತ್ತು. ಚುನಾಯಿತ ಸರ್ಕಾರದ ಮೇಲೆ ಫ್ರಾಂಕೋ ಮತ್ತಿತರ ಸೇನಾಪತಿಗಳು ದಂಗೆಯೆದ್ದಿದ್ದರು. ಈ ಜಗಳಕ್ಕೆ ಯಾರೂ ಆಯುಧ ಕೊಡಬಾರದು, ಸೈನ್ಯ ಕಳಿಸಬಾರದು ಎಂದು ಯುರೋಪಿನ 27 ದೇಶಗಳು ಒಪ್ಪಿಕೊಂಡವು. ಅದನ್ನು ನೋಡಿಕೊಳ್ಳಲು 1937ರ ಏಪ್ರಿಲ್‌ನಿಂದ ಸ್ಪೇನಿನ ಕಡಲಲ್ಲಿ ಪಹರೆ. ಪಹರೆಗೆ ನಿಂತವರು ಯಾರು? ಬ್ರಿಟನ್, ಫ್ರಾನ್ಸ್, ಜೊತೆಗೆ ಜರ್ಮನಿ ಮತ್ತು ಇಟಲಿ! ಫ್ರಾಂಕೋಗೆ ವಿಮಾನ, ಸೈನಿಕರನ್ನು ಕಳಿಸುತ್ತಿದ್ದವರೇ ಇವರಿಬ್ಬರು. ಹಾಲಿನ ಪಾತ್ರೆಗೆ ಬೆಕ್ಕಿನ ಕಾವಲು. ಈ ಒಪ್ಪಂದಕ್ಕೆ ಸಹಿ ಹಾಕಿದ ದೊಡ್ಡ ಮನುಷ್ಯರಿಗೆ ಇದು ಕಾಣಲಿಲ್ಲವೆಂದು ನಾನಂತೂ ನಂಬಲಾರೆ.

ಮೇ 13ರಂದು ಹಂಟರ್ ಸ್ಪೇನಿನ ದಕ್ಷಿಣ ತೀರದ ಅಲ್ಮೇರಿಯಾ ಊರಿನ ಹೊರಗೆ ಪಹರೆಯಲ್ಲಿತ್ತು. ನೀರಡಿಯಲ್ಲಿ ಅಡಗಿದ್ದ ಸ್ಫೋಟಕಕ್ಕೆ, ಅಂದರೆ ಮೈನ್‌ಗೆ, ತಗುಲಿತು. ಹಡಗು ವಾಲಿತು, ರೇಡಿಯೋ ಸತ್ತಿತು, ಮುಂಭಾಗದ ಕೆಳ ಅಂತಸ್ತಿಗೆ ನೀರೂ ಎಣ್ಣೆಯೂ ನುಗ್ಗಿತು. ಅಲ್ಲಿ ನಾವಿಕರು ಊಟ ಮಾಡುವ, ಮಲಗುವ ಜಾಗ. ಹಡಗು ಯಾವ ಗಳಿಗೆಯಲ್ಲಾದರೂ ಮುಳುಗಬಹುದೆಂದು ಗೊತ್ತಿದ್ದೂ ಪ್ಯಾಟ್ರಿಕ್ ಹಂಫ್ರೀಸ್ ಎಂಬ ಅಧಿಕಾರಿ ಕೆಲವು ನಾವಿಕರೊಡನೆ ಆ ಕತ್ತಲೆಗಿಳಿದು ಗಾಯಾಳುಗಳನ್ನು ಎತ್ತಿ ತಂದ. ಅವನಿಗೆ ಸಿಕ್ಕ ಶೌರ್ಯಪದಕವೇ ಮುಂದೆ ಜಾರ್ಜ್ ಕ್ರಾಸ್ ಆಗಿ ಬದಲಾಯಿತು. ಆದರೂ ಎಂಟು ಜನ ಸತ್ತರು, 24 ಮಂದಿ ಗಾಯಗೊಂಡರು.

ಆ ಮೈನ್‌ಗಳನ್ನು ಹಾಕಿದ್ದು ಫ್ರಾಂಕೋ ಕಡೆಯ ಎರಡು ವೇಗದ ದೋಣಿಗಳು. ದೋಣಿಗಳು ಬಂದದ್ದು ಜರ್ಮನಿಯಿಂದ. ಹಂಟರನ್ನು ಮೈನ್‌ಗಳ ನಡುವಿನಿಂದ ಎಳೆದು ತಂದದ್ದು ಸ್ಪೇನ್ ಸರ್ಕಾರದ ಹಡಗು ‘ಲಸಾಗ’. ಯಾರ ಸಹವಾಸವೂ ಬೇಡವೆಂದು ದೂರ ನಿಂತವರನ್ನು ಒಬ್ಬರು ಒಡೆದರು, ಇನ್ನೊಬ್ಬರು ಉಳಿಸಿದರು.

ಅಲ್ಮೇರಿಯಾದ ಹೆಂಗಸರು ಮಕ್ಕಳ ಮಾತನ್ನೂ ಇಲ್ಲೇ ಹೇಳಬೇಕು. ಮೇ 29ರಂದು ಸರ್ಕಾರದ ವಿಮಾನಗಳು ಪಹರೆಯ ಜರ್ಮನ್ ಹಡಗು ‘ಡಾಯ್ಚ್‌ಲಾಂಡ್’ ಮೇಲೆ ಬಾಂಬು ಹಾಕಿದವು. ಅದರ ಸೇಡಿಗೆ 31ರ ಬೆಳಿಗ್ಗೆ ಜರ್ಮನ್ ನೌಕೆಗಳು ಈ ಊರಿನ ಮೇಲೆ ಗುಂಡಿನ ಮಳೆಗರೆದವು. ಸುಮಾರು ಇಪ್ಪತ್ತು ಜನ ಸತ್ತರು. ಹಡಗಿನ ಮೇಲಿನ ಸಿಟ್ಟನ್ನು ಊರಿನ ಮೇಲೆ ತೀರಿಸಿಕೊಂಡದ್ದು.

ಹಂಟರ್ ಜಿಬ್ರಾಲ್ಟರ್‌ನಲ್ಲಿ ತಾತ್ಕಾಲಿಕವಾಗಿ ದುರಸ್ತಿಯಾಗಿ ಮಾಲ್ಟಾ ಸೇರಿತು. ಪೂರ್ತಿ ರಿಪೇರಿ ಮುಗಿದದ್ದು 1938ರ ನವೆಂಬರಿನಲ್ಲಿ. ಇನ್ನು ಹತ್ತು ತಿಂಗಳಿಗೆ ‘ನಿಜವಾದ’ ಯುದ್ಧ ಬಂತು. 1940ರ ಏಪ್ರಿಲ್ 10ರಂದು ನಾರ್ವೆಯ ನಾರ್ವಿಕ್ ಬಳಿ ಜರ್ಮನ್ ಡಿಸ್ಟ್ರಾಯರ್‌ಗಳೊಡನೆ ಕಾದಾಡಿ ಹಂಟರ್ ಮುಳುಗಿತು; ನೂರಕ್ಕೂ ಹೆಚ್ಚು ನಾವಿಕರು ಹೋದರು. 2008ರ ಮಾರ್ಚಿನಲ್ಲಿ ನಾರ್ವೆಯ ನೌಕಾಪಡೆಗೆ ಅದರ ಅವಶೇಷ ಸಿಕ್ಕಾಗ ಅದೇ ನೀರಿನ ಮೇಲೆ ಅವರಿಗೆ ಗೌರವ ಸಲ್ಲಿಸಲಾಯಿತು.

ಬ್ರಿಟನ್ ಮತ್ತು ಅದರ ಆಳ್ವಿಕೆಯ ದೇಶಗಳ ಯುದ್ಧಮೃತರ ಸಮಾಧಿಗಳನ್ನು ನೋಡಿಕೊಳ್ಳಲು ಒಂದು ಆಯೋಗವಿದೆ. ಅದರ ಲೆಕ್ಕ 1914ರ ಆಗಸ್ಟ್‌ನಿಂದ 1921ರ ಆಗಸ್ಟ್‌ವರೆಗೆ, ಮತ್ತೆ 1939ರ ಸೆಪ್ಟೆಂಬರ್‌ನಿಂದ 1947ರ ಕೊನೆಯವರೆಗೆ. ನಾರ್ವಿಕ್‌ನಲ್ಲಿ ಸತ್ತವರು ಆ ಲೆಕ್ಕದೊಳಗಿದ್ದಾರೆ. ಅದೇ ಹಡಗಿನಲ್ಲಿ, ಅದೇ ಸಮವಸ್ತ್ರದಲ್ಲಿ 1937ರ ಮೇ ತಿಂಗಳಲ್ಲಿ ಸತ್ತ ಎಂಟು ಜನ ಅದರ ಹೊರಗೆ.