ಮನಸ್ಸು ಕೂಡಿತೆಂದು ಅಳೆಯುವುದು ಹೇಗೆ?

ಯುದ್ಧ ನಿಂತ ಮೇಲೆ ಎಷ್ಟು ಬಂದೂಕು ಕೆಳಗಿಟ್ಟರು, ಎಷ್ಟು ಮಂದಿ ಊರಿಗೆ ಮರಳಿದರು ಎಂದು ಎಣಿಸಬಹುದು. ಮಗನನ್ನು ಕಳೆದುಕೊಂಡ ತಾಯಿಯೂ ಅವನನ್ನು ಕೊಂದವನೂ ಒಂದೇ ಬಾವಿಯ ನೀರು ಸೇದುವ ಊರಿನಲ್ಲಿ ಸಾಮರಸ್ಯ ಎಷ್ಟು ಮರಳಿದೆ ಎಂದು ಅಳೆಯುವ ಕೋಲು ಯಾವುದು? ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿ ಈಗ ಸುಮಾರು ಕಾಲು ಶತಮಾನ.

ಮೊದಮೊದಲು ಮಾಡಿದ ಕೆಲಸದ ಲೆಕ್ಕವೇ ಯಶಸ್ಸಿನ ಲೆಕ್ಕವಾಗಿತ್ತು. ಡೆಸ್ಮಂಡ್ ಟುಟು ಅಧ್ಯಕ್ಷತೆಯ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ವರ್ಣಭೇದ ಕಾಲದ ದೌರ್ಜನ್ಯಗಳ ವಿಚಾರಣೆ ಆರಂಭಿಸಿತು. 21,000ಕ್ಕೂ ಹೆಚ್ಚು ನೊಂದವರು ಹೇಳಿಕೆ ಕೊಟ್ಟರು; ಕ್ಷಮಾದಾನ ಕೋರಿ 7,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಇದರಿಂದ ಜನರ ಮನಸ್ಸು ಬದಲಾಯಿತೇ ಎಂದು ಜನರನ್ನೇ ಕೇಳಿದವರಲ್ಲಿ ಪ್ರಮುಖರು ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್. 2000-01ರಲ್ಲಿ 3,700ಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿದ ಅವರು ಸಾಮರಸ್ಯ ಎಂಬ ದೊಡ್ಡ ಮಾತನ್ನು ನಾಲ್ಕು ಎಳೆಗಳಾಗಿ ಬಿಡಿಸಿದರು: ಬೇರೆ ವರ್ಣದವರ ಬಗೆಗಿನ ಭಾವನೆ, ಎದುರಾಳಿಯನ್ನು ಸಹಿಸುವ ಗುಣ, ಮಾನವ ಹಕ್ಕುಗಳಲ್ಲಿ ನಂಬಿಕೆ, ಸಂಸ್ಥೆಗಳ ಮೇಲಿನ ವಿಶ್ವಾಸ. ಆಯೋಗ ಹೊರಗೆಡವಿದ ಸತ್ಯವನ್ನು ಒಪ್ಪಿದ ಬಿಳಿಯರಲ್ಲಿ ಸಾಮರಸ್ಯದ ಭಾವ ಹೆಚ್ಚಿತ್ತು. ಕರಿಯರಲ್ಲಿ ಈ ನಂಟು ಕಾಣಲಿಲ್ಲ. ಅತಿ ಹೆಚ್ಚು ನೊಂದವರ ವಿಷಯದಲ್ಲೇ ಸತ್ಯದ ಔಷಧ ನಾಟಲಿಲ್ಲ ಎಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ. 2003ರಿಂದ ಕೇಪ್‌ಟೌನ್‌ನ ಸಂಸ್ಥೆಯೊಂದು ಇಂಥ ಸಮೀಕ್ಷೆಯನ್ನು ಮತ್ತೆ ಮತ್ತೆ ನಡೆಸುತ್ತ ಬಂದಿದೆ.

ನರಮೇಧ ಕಂಡ ರುವಾಂಡಾದ ಅಂಕಿಗಳು ಬೆರಗು ಹುಟ್ಟಿಸುತ್ತವೆ. ಅಲ್ಲಿನ ಸರ್ಕಾರಿ ಆಯೋಗದ ಪ್ರಕಾರ ಸಾಮರಸ್ಯ 2010ರಲ್ಲಿ ಶೇ. 82.3 ಇದ್ದದ್ದು 2020ಕ್ಕೆ ಶೇ. 94.7ಕ್ಕೆ ಏರಿತು. ಆದರೆ ಜನಾಂಗೀಯ ಒಡಕಿನ ಮಾತನ್ನು ಕಾನೂನೇ ಶಿಕ್ಷಿಸುವ ನಾಡಿನಲ್ಲಿ, ಸರ್ಕಾರದ ಕಡೆಯವರು ಮನೆಬಾಗಿಲಿಗೆ ಬಂದು ಕೇಳಿದಾಗ ಯಾರು ತಾನೆ ಬೂದಿ ಕೆದಕಿ ಕೆಂಡ ತೋರಿಸುತ್ತಾರೆ? ಇದಕ್ಕಿಂತ ನಂಬಬಹುದಾದದ್ದು ಅಲ್ಲೇ ನಡೆದು 2009ರಲ್ಲಿ ಪ್ರಕಟವಾದ, ಮನಃಶಾಸ್ತ್ರಜ್ಞೆ ಎಲಿಜಬೆತ್ ಪಾಲಕ್ ಅವರ ಅಧ್ಯಯನ. ಸಾಮರಸ್ಯದ ರೇಡಿಯೋ ನಾಟಕವನ್ನು ವರ್ಷವಿಡೀ ಕೇಳಿದವರ ಒಳನಂಬಿಕೆಗಳು ಹೆಚ್ಚೇನೂ ಬದಲಾಗಿರಲಿಲ್ಲ. ಆದರೆ ನಾಲ್ಕು ಜನರ ನಡುವೆ ಹೇಗೆ ನಡೆದುಕೊಳ್ಳಬೇಕು ಎಂಬ ಅವರ ತಿಳಿವಳಿಕೆ ಬದಲಾಗಿತ್ತು. ಭಿನ್ನಾಭಿಪ್ರಾಯವನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಬಂದಿತ್ತು.

ಈ ಹಾದಿಯಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ ಉತ್ತರ ಸಿಯೆರಾ ಲಿಯೋನ್‌ನಿಂದ ಬಂತು. 1991ರಿಂದ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದ ನಾಡು ಅದು. ‘ಫಂಬುಲ್ ಟಾಕ್’, ಅಂದರೆ ಮನೆಯವರ ಮಾತುಕತೆ, ಎಂಬ ಸಂಸ್ಥೆ ಹಳ್ಳಿಗಳಲ್ಲಿ ರಾತ್ರಿ ಬೆಂಕಿ ಹಾಕಿ ಊರನ್ನೆಲ್ಲ ಸುತ್ತ ಕೂರಿಸುತ್ತದೆ. ನೊಂದವರು ತಮಗಾದದ್ದನ್ನು ಹೇಳುತ್ತಾರೆ, ನೋಯಿಸಿದವರು ತಪ್ಪೊಪ್ಪಿ ಕ್ಷಮೆ ಕೇಳುತ್ತಾರೆ. ಸಂಶೋಧಕರು 200 ಹಳ್ಳಿಗಳನ್ನು ಆರಿಸಿ, ಅರ್ಧದಷ್ಟಕ್ಕೆ ಚೀಟಿ ಎತ್ತಿದ ಹಾಗೆ ಈ ಕಾರ್ಯಕ್ರಮ ಸಿಗುವಂತೆ ಮಾಡಿ, ಉಳಿದವುಗಳೊಂದಿಗೆ ಹೋಲಿಸಿದರು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬೆಂಕಿಯ ಸುತ್ತ ಕೂತ ಹಳ್ಳಿಗಳಲ್ಲಿ ಕ್ಷಮೆ ಹೆಚ್ಚಿತ್ತು, ಗೆಳೆತನ ಬೆಳೆದಿತ್ತು, ಶಾಲೆ ರಸ್ತೆಗಳಂಥ ಊರೊಟ್ಟಿನ ಕೆಲಸಕ್ಕೆ ಹೆಚ್ಚು ಕೈಗಳು ಸೇರಿದ್ದವು. ಜೊತೆಗೆ ಖಿನ್ನತೆ, ಆತಂಕ, ಆಘಾತದ ನೆನಪಿನ ಕಾಟವೂ ಹೆಚ್ಚಿತ್ತು. ಊರು ಕೂಡಿತು, ಒಡಲು ಬೆಂದಿತು. ಊರೊಗ್ಗಟ್ಟನ್ನಷ್ಟೇ ಅಳೆದಿದ್ದರೆ ಈ ಬೇನೆ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಅಳತೆಗೋಲನ್ನು ಊರವರ ಕೈಗೇ ಕೊಡೋಣ ಎಂದವರು ಸಂಶೋಧಕರಾದ ಪಮೀನಾ ಫಿರ್ಚೋ ಮತ್ತು ರೋಜರ್ ಮ್ಯಾಕ್ ಗಿಂಟಿ. ಶಾಂತಿ ಬಂತೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದಾಗ ಜನ ಹೇಳಿದ ಗುರುತುಗಳಲ್ಲಿ ರಾತ್ರಿ ನಾಯಿ ಬೊಗಳುವ ಸದ್ದೂ ಒಂದು. ಯಾವ ತಜ್ಞರ ಪ್ರಶ್ನಾವಳಿಗೂ ಇದು ಹೊಳೆಯುತ್ತಿರಲಿಲ್ಲ. ನಾಡಿಗೂ ನಾಡಿಗೂ ಹೋಲಿಸಲು ಈ ಗುರುತುಗಳು ಒದಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ನನ್ನ ಒಲವು ಇತ್ತಲೇ.

ಸಿಯೆರಾ ಲಿಯೋನ್‌ನಲ್ಲಿ ಎರಡನೆಯ ಸುತ್ತಿನ ಅಳತೆ ನಡೆದದ್ದು ಕಾರ್ಯಕ್ರಮ ಮುಗಿದ 31 ತಿಂಗಳ ಮೇಲೆ. ಊರೊಗ್ಗಟ್ಟು ಉಳಿದಿತ್ತು. ಬೇನೆಯೂ ಉಳಿದಿತ್ತು.