ಒಂದು ಮುದ್ದೆ, ಒಂದು ಲೋಟ ಕಾಫಿ: ಹಬಶಾದ ಋಣ

ಮಕ್ತಬ್‌ನ ಮಕ್ಕಳಿಗೆ ಒಮ್ಮೆ ಒಂದು ಕೆಲಸ ಕೊಟ್ಟಿದ್ದೆ. ಅಲ್ಲಾಹನು ತಮಗೆ ದಯಪಾಲಿಸಿದ ಅನುಗ್ರಹಗಳಲ್ಲಿ ಹತ್ತನ್ನು ಬರೆದು ತರಬೇಕು. ಮಕ್ಕಳು ಶ್ರದ್ಧೆಯಿಂದಲೇ ಬರೆದು ತಂದರು. ಈಮಾನ್, ತಂದೆತಾಯಿ, ಕಣ್ಣು, ಕಿವಿ, ಮನೆ ಎಂದು ಆರಂಭವಾದ ಪಟ್ಟಿ ಬೈಕು, ಮೊಬೈಲು, ದುಬೈಯಲ್ಲಿರುವ ಮಾವನ ನೌಕರಿ ಎಂಬಲ್ಲಿಗೆ ಮುಗಿದಿತ್ತು. ಹಿಂದಿನ ರಾತ್ರಿ ಉಂಡ ರಾಗಿ ಮುದ್ದೆಯನ್ನು ಒಬ್ಬರೂ ಬರೆದಿರಲಿಲ್ಲ. ಬೆಳಿಗ್ಗೆ ಕುಡಿದು ಬಂದ ಬೆಲ್ಲದ ಕಾಫಿಯನ್ನೂ ಬರೆದಿರಲಿಲ್ಲ. ಅವರನ್ನು ದೂಷಿಸುವಂತಿಲ್ಲ. ಪುಸ್ತಕಗಳನ್ನು ತಿದ್ದಲು ಕುಳಿತಾಗ ನನ್ನ ಪಕ್ಕದಲ್ಲೇ ಕಾಫಿಯ ಲೋಟವಿತ್ತು. ಅರ್ಧ ಕುಡಿದ ಮೇಲೆ, ನಾನು ಬಿಸ್ಮಿಲ್ಲಾ ಹೇಳಿದ್ದೆನೋ ಇಲ್ಲವೋ ಎಂಬುದೇ ನನಗೆ ನೆನಪಾಗಲಿಲ್ಲ.

ಪವಿತ್ರ ಕುರ್‌ಆನಿನ ಅಬಸ ಅಧ್ಯಾಯದಲ್ಲಿ, ಮಾನವನು ತನ್ನ ಆಹಾರದ ಕಡೆಗೆ ದೃಷ್ಟಿ ಹಾಯಿಸಲಿ ಎಂಬ ಆದೇಶವಿದೆ. ಆಕಾಶದಿಂದ ನೀರು ಸುರಿದದ್ದು, ಭೂಮಿ ಸೀಳಿದ್ದು, ಧಾನ್ಯವೂ ಹಣ್ಣೂ ಮೇವೂ ಹೊರಬಂದದ್ದು ಎಲ್ಲವನ್ನೂ ಅಲ್ಲಿ ಒಂದೊಂದಾಗಿ ನೆನಪಿಸಲಾಗಿದೆ. ಅಂದರೆ ತಟ್ಟೆಗೆ ಬಂದ ಅನ್ನವನ್ನು ನೋಡಿದರಷ್ಟೇ ಸಾಲದು, ಅದು ಬಂದ ದಾರಿಯನ್ನೂ ನೋಡಬೇಕು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಒಂದು ಘಟನೆ ಎಲ್ಲರಿಗೂ ತಿಳಿದದ್ದೇ. ಹಸಿವು ತಾಳಲಾರದೆ ಮನೆಯಿಂದ ಹೊರಬಂದ ಪ್ರವಾದಿ(ಸ), ಅಬೂಬಕರ್(ರ) ಮತ್ತು ಉಮರ್(ರ) ಅನ್ಸಾರಿಯೊಬ್ಬರ ತೋಟಕ್ಕೆ ಹೋದರು. ಅಲ್ಲಿ ಖರ್ಜೂರ, ಮಾಂಸ ಮತ್ತು ತಣ್ಣನೆಯ ನೀರಿನಿಂದ ಅವರಿಗೆ ತೃಪ್ತಿಯಾಯಿತು. ಆಗ ಪ್ರವಾದಿಯವರು(ಸ), ಈ ಅನುಗ್ರಹದ ಕುರಿತೂ ಅಂತಿಮ ದಿನ ವಿಚಾರಣೆಯಾಗಲಿದೆ ಎಂದು ಸಂಗಡಿಗರನ್ನು ಎಚ್ಚರಿಸಿದರು. ಅರಮನೆಗಳ ಕುರಿತಾದ ಎಚ್ಚರಿಕೆ ಅದಾಗಿರಲಿಲ್ಲ. ಹಸಿದವರ ಒಂದು ಹೊತ್ತಿನ ಊಟದ ಕುರಿತಾಗಿತ್ತು.

ಇತಿಹಾಸವೆಂದರೆ ನಮ್ಮ ಕಡೆ ಬೇರೆಯೇ ಒಂದು ಚಿತ್ರ ಮೂಡುತ್ತದೆ. ಮಾದಿಹಳ್ಳಿಯು ಬೇಲೂರು ತಾಲ್ಲೂಕಿನ ಹೋಬಳಿ. ಒಂದು ಕಡೆ ಬೇಲೂರು, ಇನ್ನೊಂದು ಕಡೆ ಹಳೇಬೀಡು. ಶಾಲೆಯ ಪುಸ್ತಕದಲ್ಲಿ ಹೊಯ್ಸಳರ ಶಿಲ್ಪವಿದೆ, ನಂತರ 1311ರಲ್ಲಿ ದೋರಸಮುದ್ರದ ಮೇಲೆ ಮಲಿಕ್ ಕಾಫೂರನ ದಾಳಿಯಿದೆ. ನಮ್ಮ ಮಕ್ಕಳು ಆ ಪುಟಕ್ಕೆ ಬಂದಾಗ ತರಗತಿಯಲ್ಲಿ ತಲೆ ತಗ್ಗಿಸುತ್ತಾರೆ ಎಂದು ಒಬ್ಬ ತಂದೆ ನನ್ನಲ್ಲಿ ಹೇಳಿಕೊಂಡರು. ಕೊಳ್ಳೆ ಕೊಳ್ಳೆಯೇ, ಸುಲ್ತಾನನ ಸೇನೆ ಮಾಡಿತೆಂಬ ಕಾರಣಕ್ಕೆ ಅದು ಪುಣ್ಯಕಾರ್ಯವಾಗುವುದಿಲ್ಲ. ಏಳು ಶತಮಾನಗಳ ಹಿಂದಿನ ಆ ಕೊಳ್ಳೆಗೆ ಹತ್ತು ವರ್ಷದ ಮಗು ಉತ್ತರದಾಯಿಯೂ ಅಲ್ಲ. ಆದರೆ ರಾಜರ ಕತ್ತಿಗಳು ನಡೆದ ದಾರಿಯಲ್ಲೇ ಬೀಜಗಳೂ ನಡೆದು ಬಂದಿವೆ. ಆ ಇತಿಹಾಸವನ್ನು ಮಗುವಿಗೆ ಹೇಳಿಕೊಡುವವರು ಕಡಿಮೆ.

ಅದು ಆರಂಭವಾಗುವುದು ಹಬಶಾದಿಂದ.

ಇಂದಿನ ಇಥಿಯೋಪಿಯಾ, ಎರಿಟ್ರಿಯಾಗಳ ಆ ಎತ್ತರದ ನಾಡನ್ನು ಇಸ್ಲಾಮೀ ಇತಿಹಾಸ ಓದಿದ ಯಾರೂ ಮರೆಯಲಾರರು. ಕ್ರಿ.ಶ. 615ರ ಸುಮಾರಿಗೆ, ಮಕ್ಕಾದ ಹಿಂಸೆಯನ್ನು ಸಹಿಸಲಾರದ ವಿಶ್ವಾಸಿಗಳ ಸಣ್ಣ ತಂಡವೊಂದು ಕೆಂಪು ಸಮುದ್ರ ದಾಟಿ ಅಲ್ಲಿಗೆ ಹೋಯಿತು. ಅಲ್ಲಿ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವ ರಾಜನಿದ್ದಾನೆಂದು ಪ್ರವಾದಿಯವರೇ(ಸ) ಅವರನ್ನು ಕಳುಹಿಸಿದ್ದರು. ಮಕ್ಕಾದ ದೂತರು ಉಡುಗೊರೆಗಳೊಂದಿಗೆ ಬೆನ್ನಟ್ಟಿ ಬಂದರು. ಆಗ ಜಅಫರ್ ಬಿನ್ ಅಬೀತಾಲಿಬ್(ರ) ರಾಜಸಭೆಯಲ್ಲಿ ಮರ್ಯಮ್ ಅಧ್ಯಾಯದ ವಚನಗಳನ್ನು ಓದಿದರು. ಕ್ರೈಸ್ತನಾಗಿದ್ದ ರಾಜ ನಜ್ಜಾಶಿ ಅತ್ತನು, ಉಡುಗೊರೆಗಳನ್ನು ಹಿಂದಿರುಗಿಸಿದನು, ನಿರಾಶ್ರಿತರನ್ನು ಬಿಟ್ಟುಕೊಡಲಿಲ್ಲ. ವರ್ಷಗಳ ಬಳಿಕ ಅವರು ತೀರಿಕೊಂಡ ದಿನ ಪ್ರವಾದಿಯವರು(ಸ) ಮದೀನಾದಲ್ಲಿ ಆ ವಾರ್ತೆಯನ್ನು ತಿಳಿಸಿ, ಸಹಾಬಿಗಳನ್ನು ಸಾಲುಗಟ್ಟಿ ನಿಲ್ಲಿಸಿ, ನಾಲ್ಕು ತಕ್ಬೀರ್‌ಗಳೊಂದಿಗೆ ಜನಾಝಾ ನಮಾಝ್ ನೆರವೇರಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದು ದಾಖಲಾಗಿದೆ. ಅದೊಂದು ನಮಾಝ್. ಜೊತೆಗೆ, ಉಪಕಾರ ಮಾಡಿದವನನ್ನು ಸಮುದ್ರದ ಈಚೆಗೂ ಮರೆಯದ ಒಂದು ನಡತೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬರ್ಥದ ಹದೀಸನ್ನು ನಾವು ಮಿಂಬರಿನಿಂದ ಕೇಳುತ್ತೇವೆ. ಆ ಹದೀಸ್ ಆಚರಣೆಯಲ್ಲಿ ಹೇಗಿರುತ್ತದೆಂದು ಕೇಳಿದವರಿಗೆ ನಾನು ಇದನ್ನೇ ಉದಾಹರಿಸುತ್ತೇನೆ.

ಅದೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ, ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಸೀಮೆಯಲ್ಲಿ, ಮನುಷ್ಯನು ಮೊದಲು ರಾಗಿಯನ್ನು ಬೆಳೆಗೆ ತಂದನೆಂಬುದು ಸಸ್ಯವಿಜ್ಞಾನಿಗಳ ತೀರ್ಮಾನ. ಅದರ ಕಾಡು ಬಂಧುಗಳು ಇಂದಿಗೂ ಅಲ್ಲಿ ಬೆಳೆಯುತ್ತವೆ. ನಜ್ಜಾಶಿಗಿಂತ ಎಷ್ಟೋ ಕಾಲ ಮುಂಚೆ, ಹೆಸರಿಲ್ಲದ ಯಾವುದೋ ಕೈಗಳ ಮೂಲಕ ಅದು ನಮ್ಮ ನಾಡಿಗೆ ಬಂತು. ನಮ್ಮದೇ ಎಂದು ನಾವು ಎದೆ ತಟ್ಟಿಕೊಳ್ಳುವ ಮುದ್ದೆ, ನಿಜಕ್ಕೂ ಅತಿ ಹಳೆಯ ಅತಿಥಿ.

ಬೇಲೂರು ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಹೋದಂತೆ ಮಲೆನಾಡು, ಪೂರ್ವಕ್ಕೆ ಬಂದಂತೆ ಬಯಲು. ಬಯಲಿನವರಿಗೆ ರಾಗಿಯ ಗುಣ ಹೇಳಿಕೊಡಬೇಕಾಗಿಲ್ಲ. ಹದ ಮಳೆಗೆ ಬೆಳೆಯುತ್ತದೆ, ಕಡಿಮೆ ಮಳೆಗೂ ಪೂರ್ತಿ ಕೈಬಿಡುವುದಿಲ್ಲ, ಹುಲ್ಲು ದನಕ್ಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವುದು. ಹಿಂದಿನವರು ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ಒಂದು ವರ್ಷದ ಸುಗ್ಗಿ ಎರಡು ವರ್ಷದ ಬರಕ್ಕೆ ಆಸರೆಯಾಗುತ್ತಿತ್ತು. ಯೂಸುಫ್(ಅ) ಈಜಿಪ್ಟಿನಲ್ಲಿ ಧಾನ್ಯವನ್ನು ತೆನೆಯಲ್ಲೇ ಉಳಿಸಲು ಹೇಳಿದ ವೃತ್ತಾಂತವನ್ನು ಓದಿಸುವಾಗ, ಈ ಹಗೇವನ್ನು ಕಣ್ಣಿಂದ ಕಂಡ ಅಜ್ಜಂದಿರಿದ್ದರೆ ಪಾಠ ಅರ್ಧ ತಾನೇ ಮುಗಿಯುತ್ತದೆ.

ಆ ಹಗೇವುಗಳೂ ಬರಿದಾದ ಕಾಲವೊಂದಿತ್ತು. 1876ರಿಂದ 1878ರವರೆಗಿನ ಬರವನ್ನು ಹಳಬರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವರು 50 ಲಕ್ಷಕ್ಕೂ ಹೆಚ್ಚು. 1881ರ ಗಣತಿಯ ಹೊತ್ತಿಗೆ ಉಳಿದವರು ಸುಮಾರು 42 ಲಕ್ಷ. ಬೆಳೆಯಬೇಕಿದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿತು. ಇಂದು ಈ ನಾಡಿನಲ್ಲಿರುವ ನಮ್ಮಲ್ಲಿ ಬಹುತೇಕರು, ಹಿಂದೂಗಳಿರಲಿ ಮುಸ್ಲಿಮರಿರಲಿ, ಆ ಎರಡು ವರ್ಷಗಳನ್ನು ದಾಟಿ ಬದುಕಿದವರ ಸಂತತಿ. ಮದುವೆಯ ದಾವತ್‌ನಲ್ಲಿ ತಟ್ಟೆಯಲ್ಲೇ ಬಿಟ್ಟೇಳುವ ಅನ್ನವನ್ನು ಕಂಡಾಗಲೆಲ್ಲ ನನಗೆ ಈ ಎರಡು ಗಣತಿಗಳ ಅಂಕಿಗಳು ನೆನಪಾಗುತ್ತವೆ.

ರಾಗಿಯ ಕಥೆಯಲ್ಲಿ ಇನ್ನೂ ಒಬ್ಬರನ್ನು ಹೆಸರಿಸದೆ ಮುಂದೆ ಹೋಗಲಾಗದು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದುಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ತನ್ನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಆ ಹೂವನ್ನು ಇನ್ನೊಂದು ತಳಿಯೊಂದಿಗೆ ಕೂಡಿಸುವುದು ಅಸಾಧ್ಯವೆಂಬಷ್ಟು ಕಷ್ಟ. ಅವರು ಅದನ್ನು ಸಾಧಿಸಿ ಅನ್ನಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳನ್ನು ನೀಡಿದರು. ಬಳಿಕ ನಮ್ಮ ನಾಟಿ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿದರು. 1970ರ ದಶಕದಿಂದ ಹೊಲಗಳಿಗೆ ಬಂದ ಆ ತಳಿಗಳ ಹೆಸರು ಇಂಡಾಫ್. ಇಂಡಿಯಾದ ಮೊದಲಕ್ಷರಗಳು, ಆಫ್ರಿಕಾದ ಮೊದಲಕ್ಷರಗಳು. ಇಳುವರಿ ಎಷ್ಟೋ ಪಾಲು ಹೆಚ್ಚಿತು. ಬೀಜದಂಗಡಿಯಲ್ಲಿ ಇಂಡಾಫ್ ಕೊಡಿ ಎಂದು ಕೇಳಿದ ರೈತರಲ್ಲಿ ಎಷ್ಟು ಮಂದಿಗೆ ಆ ಹೆಸರು ಬಿಡಿಸಿ ಹೇಳಲಾಗಿತ್ತೋ. ಹಬಶಾದ ನೆರೆಹೊರೆ ನಮಗೆ ಎರಡನೆಯ ಬಾರಿ ಅನ್ನವಿಟ್ಟದ್ದು ಹೀಗೆ.

ಇನ್ನು ಕಾಫಿ. ಅದರ ಗಿಡವೂ ಹಬಶಾದ್ದೇ. ನೈಋತ್ಯ ಇಥಿಯೋಪಿಯಾದ ಕಾಡುಗಳು ಅರೇಬಿಕಾದ ತವರು. ಅರೇಬಿಕಾ ಎಂಬ ಹೆಸರು ಬಂದುದು, ಜಗತ್ತು ಅದನ್ನು ಅರಬರ ಕೈಯಿಂದ ಪಡೆದದ್ದರಿಂದ. ಅಬ್ದುಲ್ ಕಾದಿರ್ ಅಲ್ ಜಝೀರಿ ಎಂಬ ವಿದ್ವಾಂಸರು ಹದಿನಾರನೆಯ ಶತಮಾನದಲ್ಲಿ ಕಾಫಿಯ ಕುರಿತೇ ಒಂದು ಗ್ರಂಥ ಬರೆದರು. ಅದರ ಪ್ರಕಾರ, ಏಡನ್‌ನ ಮುಫ್ತಿಯಾಗಿದ್ದ ಸೂಫಿ ಮುಹಮ್ಮದ್ ಅಝ್ಝಬ್‌ಹಾನಿ ಕಡಲಾಚೆಯ ಆಫ್ರಿಕಾದ ದಡದಲ್ಲಿ ಜನರು ಇದನ್ನು ಸೇವಿಸುವುದನ್ನು ಕಂಡಿದ್ದರು. ಊರಿಗೆ ಮರಳಿ ಕಾಯಿಲೆ ಬಿದ್ದಾಗ ನೆನಪಾಗಿ ಕುಡಿದರು. ಆಯಾಸ ನೀಗಿತು, ನಿದ್ದೆ ದೂರವಾಯಿತು. ಮುಂದೆ ಯಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ಗೆ ಇದನ್ನು ಬಳಸತೊಡಗಿದರು. ದೊಡ್ಡ ಕೆಂಪು ಮಣ್ಣಿನ ಪಾತ್ರೆಯಿಂದ ಮುಖ್ಯಸ್ಥರು ಚಿಕ್ಕ ಸೌಟಿನಲ್ಲಿ ಮೊಗೆದು ಬಲಗಡೆಯಿಂದ ಕ್ರಮವಾಗಿ ಕೊಡುತ್ತಿದ್ದರೆಂದು ಜಝೀರಿ ವರ್ಣಿಸುತ್ತಾರೆ. ಇಂದು ಪರೀಕ್ಷೆಯ ರಾತ್ರಿ ಮಕ್ಕಳು ಕಾಫಿ ಕುಡಿದು ಓದುವುದಕ್ಕೂ ಅದಕ್ಕೂ ಕಾರಣ ಒಂದೇ. ಎಚ್ಚರವಾಗಿದ್ದು ಏನು ಮಾಡುತ್ತೇವೆ ಎಂಬುದಷ್ಟೇ ಬೇರೆ.

ಇಲ್ಲಿ ಒಂದು ಅಡ್ಡಮಾತು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್, ಹರಮ್‌ನ ಸಮೀಪ ಜನರು ರಾತ್ರಿ ಕಾಫಿ ಕುಡಿಯುವುದನ್ನು ಕಂಡು ಕೆರಳಿದನು. ವಿದ್ವಾಂಸರನ್ನೂ ಇಬ್ಬರು ವೈದ್ಯರನ್ನೂ ಕರೆಸಿ ಅದನ್ನು ನಿಷೇಧಿಸಿದನು; ಬೀಜಗಳನ್ನು ಬೀದಿಯಲ್ಲಿ ಸುಡಿಸಿದನು. ಕೈರೋದ ಸುಲ್ತಾನರ ಕಡೆಯಿಂದ ಬಂದ ಆಜ್ಞೆ ಅಷ್ಟು ಕಠಿಣವಾಗಿರಲಿಲ್ಲ, ಕಾಫಿ ಉಳಿಯಿತು. ಹೊಸತೆಂಬ ಒಂದೇ ಕಾರಣಕ್ಕೆ ಹಲಾಲ್ ವಸ್ತುವನ್ನು ಹರಾಮ್ ಎಂದು ಘೋಷಿಸುವ ಆತುರ ನಮ್ಮಲ್ಲಿ ಹೊಸದೇನಲ್ಲ. ಅನುಗ್ರಹವನ್ನು ಗುರುತಿಸುವ ಮೊದಲೇ ಅದರ ಮೇಲೆ ಫತ್ವಾ ಹೊರಬಂದಿರುತ್ತದೆ.

ಯಮನ್‌ನ ಮೋಖಾ ಬಂದರಿನಿಂದ ಹುರಿದ ಅಥವಾ ಬೇಯಿಸಿದ ಬೀಜ ಮಾತ್ರ ಹೊರಹೋಗುತ್ತಿತ್ತು, ಮೊಳೆಯುವ ಬೀಜ ಹೊರಹೋಗಲು ಬಿಡುತ್ತಿರಲಿಲ್ಲ ಎಂಬುದು ಪರಂಪರೆಯ ಮಾತು. ಸುಮಾರು 1670ರಲ್ಲಿ ಹಜ್ಜ್ ಮುಗಿಸಿ ಮರಳುತ್ತಿದ್ದ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ನಾಡಿನ ಎಲ್ಲ ಸಮುದಾಯಗಳೂ ಹೇಳಿಕೊಂಡು ಬಂದಿವೆ. ಆ ಗಿರಿಗೆ ಅವರ ಹೆಸರೇ ನಿಂತಿದೆ. ಬೇಲೂರಿನಿಂದ ಚಿಕ್ಕಮಗಳೂರಿಗೆ 25 ಕಿಲೋಮೀಟರ್, ಗಿರಿ ಅದರಾಚೆ. ಅಲ್ಲಿನ ಗುಹೆಯ ಕುರಿತ ವ್ಯಾಜ್ಯ ದಶಕಗಳಿಂದ ನ್ಯಾಯಾಲಯಗಳಲ್ಲಿ ನಡೆದಿದೆ, ಅದನ್ನು ಇಲ್ಲಿ ಚರ್ಚಿಸಲಾರೆ. ನಮ್ಮವರಲ್ಲೇ ಕೆಲವರು ಗೋರಿಗಳ ವಿಷಯದ ಭಿನ್ನಾಭಿಪ್ರಾಯದಿಂದಾಗಿ ಬಾಬಾರ ಹೆಸರೆತ್ತಲೂ ಹಿಂಜರಿಯುತ್ತಾರೆ. ಬೇಡುವುದು ಅಲ್ಲಾಹನಲ್ಲಿ ಮಾತ್ರ ಎಂಬುದರಲ್ಲಿ ಸಂಶಯವಿಲ್ಲ. ಒಬ್ಬ ಮನುಷ್ಯನ ಉಪಕಾರವನ್ನು ಸ್ಮರಿಸಿ ಅವನಿಗಾಗಿ ದುಆ ಮಾಡುವುದು ಬೇರೆಯೇ ವಿಷಯ. ಕಾಫಿ ಕುಡಿಯಲು ಹಿಂಜರಿಯದವರು ಹೆಸರು ಹೇಳಲು ಹಿಂಜರಿಯಬೇಕಾಗಿಲ್ಲ.

ಬೀಜ ಇಲ್ಲಿಗೇ ನಿಲ್ಲಲಿಲ್ಲ. 1696ರಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಸಸಿಗಳನ್ನು ಜಾವಾಕ್ಕೆ ಒಯ್ದರು. ಆ ಸಸಿಗಳು ನೆರೆಗೆ ನಾಶವಾಗಲು 1699ರಲ್ಲಿ ಮತ್ತೆ ಒಯ್ದರು. ಜಾವಾದಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಪ್ಯಾರಿಸ್, ಅಲ್ಲಿಂದ ಕೆರಿಬಿಯನ್ ದ್ವೀಪಗಳು. ಆ ದ್ವೀಪಗಳಲ್ಲಿ ಕಾಫಿ ಬೆಳೆಸಿದವರು ಸರಪಳಿ ತೊಡಿಸಿ ಹಡಗಿನಲ್ಲಿ ತಂದ ಆಫ್ರಿಕಾದ ಗುಲಾಮರು. ಹಬಶಾದ ನೆಲದ ಗಿಡ ಸಮುದ್ರ ದಾಟಿ ಆಫ್ರಿಕಾದ ಮಕ್ಕಳಿಗೇ ಚಾವಟಿಯಾಯಿತು. ಬಿಲಾಲ್(ರ) ಅವರನ್ನು ಬಿಸಿ ಮರಳಿನಿಂದ ಬಿಡಿಸಿದ ಅಬೂಬಕರ್(ರ) ಅವರ ಕಥೆಯನ್ನು ಮಕ್ಕಳಿಗೆ ಹೇಳುವ ನಾವು ಇದನ್ನೂ ಹೇಳಬೇಕಾಗುತ್ತದೆ. ಮಧುರವಾದುದನ್ನಷ್ಟೇ ಆರಿಸಿಕೊಂಡು ಶುಕ್ರ್ ಸಲ್ಲಿಸಿದರೆ ಲೆಕ್ಕ ಅಪೂರ್ಣವಾಗಿಯೇ ಉಳಿಯುತ್ತದೆ.

ನಮ್ಮ ಮಲೆಗಳಲ್ಲಿ ಬಹುಕಾಲ ಕಾಫಿ ಹಿತ್ತಲ ಗಿಡವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಬಂದು ಚಿಕ್ಕಮಗಳೂರು, ಮಂಜರಾಬಾದ್ ಸೀಮೆಯ ಕಾಡುಗಳಲ್ಲಿ ದೊಡ್ಡ ತೋಟಗಳನ್ನು ಮಾಡಿದರು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ತೆರೆಯಿತು. ಇವೆಲ್ಲ ಪುಸ್ತಕಗಳಲ್ಲಿವೆ. ಅವುಗಳಲ್ಲಿ ಕಡಿಮೆ ಸಿಗುವುದು ಹೂಮಳೆಯ ಮಾತು. ಬೇಸಿಗೆಯ ಆರಂಭದಲ್ಲಿ ಒಂದು ಹದ ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಘಮ್ಮೆನ್ನುತ್ತದೆ. ಕೆಲವು ದಿನ ಬಿಟ್ಟು ಇನ್ನೊಂದು ಮಳೆ ಬಂದರೆ ಕಾಯಿ ಕಟ್ಟುತ್ತದೆ. ಆ ಎರಡು ಮಳೆಗಳು ತಪ್ಪಿದರೆ ಎಷ್ಟು ಎಕರೆಯ ಮಾಲೀಕನೂ ಆಕಾಶ ನೋಡುತ್ತಾ ನಿಲ್ಲಬೇಕು. ಅಬಸ ಅಧ್ಯಾಯದಲ್ಲಿ ಆಹಾರದ ವಿವರಣೆ ನೀರಿನಿಂದಲೇ ಏಕೆ ಆರಂಭವಾಗುತ್ತದೆಂದು ತೋಟದವರಿಗೆ ತಫ್ಸೀರ್ ಬೇಕಾಗಿಲ್ಲ.

ಹಣ್ಣು ಕೊಯ್ಯುವ ಕಾಲ ನವೆಂಬರಿನಿಂದ. ಗಿಡದಲ್ಲಿ ಹಣ್ಣಾದದ್ದನ್ನೇ ನೋಡಿ ಬೆರಳಲ್ಲಿ ಬಿಡಿಸಬೇಕು, ಹಸಿರು ಕಾಯಿಯನ್ನು ಮುಂದಿನ ಸುತ್ತಿಗೆ ಬಿಡಬೇಕು. ಚಳಿ, ಇಬ್ಬನಿ, ಇರುವೆ, ಇಳಿಜಾರು. ಬಯಲು ಸೀಮೆಯಿಂದ ಕೂಲಿಗೆ ಹೋಗುವವರಿದ್ದಾರೆ; ಈಚೆಗೆ ಅಸ್ಸಾಮಿನಿಂದಲೂ ಕುಟುಂಬಗಳು ಬರುತ್ತಿವೆ. ಅವರ ಭಾಷೆ, ಹೆಸರು, ಗಡ್ಡ ನೋಡಿ ಗುರುತಿನ ಚೀಟಿ ಕೇಳುವವರಿದ್ದಾರೆ. ಅವರು ಕೊಯ್ದ ಹಣ್ಣಿಗೆ ಗುರುತಿನ ಚೀಟಿ ಕೇಳಿದವರನ್ನು ನಾನು ಕಂಡಿಲ್ಲ. ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ತೋಟವಿರುವ, ಕಾಫಿ ವ್ಯಾಪಾರವಿರುವ ನಮ್ಮ ಸಹೋದರರು ವಾರದ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳುವಾಗ ಅದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಮಕ್ಕಳಿಗೆ ಇದನ್ನೆಲ್ಲ ಒಂದೇ ದಿನದಲ್ಲಿ ಹೇಳಲಾಗಲಿಲ್ಲ. ನಾಲ್ಕು ಜುಮಾಗಳ ನಡುವಿನ ಪಾಠಗಳಾದವು. ಕೊನೆಯ ದಿನ ಒಬ್ಬ ಹುಡುಗಿ ಎದ್ದು ನಿಂತು, "ಹಜರತ್, ನಮ್ಮ ಅಮ್ಮೀ ಕಾಫಿ ತೋಟಕ್ಕೆ ಹಣ್ಣು ಬಿಡಿಸೋಕೆ ಹೋಗ್ತಾರೆ. ಡಬ್ಬಿಗೆ ರಾಗಿ ರೊಟ್ಟೀನೇ ತಗೊಂಡು ಹೋಗೋದು" ಎಂದಳು. ಸುಗ್ಗಿಯ ತಿಂಗಳುಗಳಲ್ಲಿ ಫಜ್ರ್ ಅಝಾನಿಗೂ ಮುಂಚೆ ಅವಳ ಮನೆಯಲ್ಲಿ ಒಲೆ ಹೊತ್ತುತ್ತದಂತೆ. ರೊಟ್ಟಿ ತಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಅರೆದು, ಡಬ್ಬಿಗೆ ಹಾಕಿ, ತಾಯಿ ನಮಾಝ್ ಮುಗಿಸುವಷ್ಟರಲ್ಲಿ ಕೂಲಿಯವರನ್ನು ಕರೆದೊಯ್ಯುವ ಗಾಡಿ ರಸ್ತೆಯಲ್ಲಿ ಹಾರ್ನ್ ಮಾಡುತ್ತದೆ.