ಹಸಿವಿನ ಹಾರ್ಮೋನುಗಳು ಮತ್ತು ಬೊಜ್ಜು

ಹಸಿವು, ಹೊಟ್ಟೆ ತುಂಬಿದ ತೃಪ್ತಿ ಮತ್ತು ಮೈತೂಕಗಳನ್ನು ಹತೋಟಿಯಲ್ಲಿಡುವ ಹಾರ್ಮೋನುಗಳು ಜಠರ, ಕರುಳು, ಮೇದೋಜೀರಕ ಗ್ರಂಥಿ ಮತ್ತು ಕೊಬ್ಬಿನ ಕೋಶಗಳಲ್ಲಿ ಹುಟ್ಟುತ್ತವೆ. ರಕ್ತದ ಮೂಲಕವೂ ನರದ ಮೂಲಕವೂ ಅವುಗಳ ಸುದ್ದಿ ಮೆದುಳಿನ ಹೈಪೋಥಾಲಮಸ್ ಭಾಗಕ್ಕೆ ಮುಟ್ಟುತ್ತದೆ. ಅಲ್ಲಿ ಒಂದು ಗುಂಪಿನ ನರಕೋಶಗಳು ಹಸಿವನ್ನು ಕೆರಳಿಸಿದರೆ ಇನ್ನೊಂದು ಗುಂಪು ತಣಿಸುತ್ತದೆ. ಈ ಹದ ತಪ್ಪಿದ ಸ್ಥಿತಿಯೇ ಬೊಜ್ಜು. ಅದನ್ನು ಬಾಯಿಚಪಲ, ಸೋಮಾರಿತನ ಎಂದು ಹಳಿಯುವ ರೂಢಿಗೆ ವಿಜ್ಞಾನದ ಆಸರೆ ಇಲ್ಲ.

ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 30 ಮುಟ್ಟಿದರೆ ಬೊಜ್ಜು ಎನ್ನುವುದು ಪಾಶ್ಚಾತ್ಯ ಲೆಕ್ಕ. ಭಾರತೀಯ ತಜ್ಞರು 2009ರಲ್ಲಿ ಈ ಗೆರೆಯನ್ನು 25ಕ್ಕೆ ಇಳಿಸಿದರು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಬಾರದು ಎಂದರು. ಇದಕ್ಕೆ ಕಾರಣ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ತಮ್ಮಿಬ್ಬರ ಫೋಟೊ ನೋಡಿದರೆ ತಿಳಿಯುತ್ತದೆ. ಇಬ್ಬರ ಬಿಎಂಐಯೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಹಾರ್ಮೋನುಗಳ ಕಥೆ ಶುರುವಾದದ್ದು ಇಲಿಯಿಂದ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ತಿಂದಷ್ಟೂ ಸಾಲದ ಡೊಳ್ಳು ಇಲಿಯೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಕೊರತೆಯಾಗಿದ್ದ ಹಾರ್ಮೋನನ್ನು 1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆಹಚ್ಚಿತು. ಅದೇ ಲೆಪ್ಟಿನ್. ಕೊಬ್ಬಿನ ಕೋಶಗಳು ಸ್ರವಿಸುವ ಇದು ‘ದಾಸ್ತಾನು ಸಾಕಷ್ಟಿದೆ’ ಎಂದು ಮೆದುಳಿಗೆ ತಿಳಿಸುತ್ತದೆ. ಇನ್ನೇನು ಬೊಜ್ಜಿಗೆ ಮದ್ದು ಸಿಕ್ಕಿತು ಎಂದು ಜಗತ್ತು ಸಂಭ್ರಮಿಸಿತು. ಆದರೆ ಬೊಜ್ಜಿರುವ ಬಹುಪಾಲು ಜನರಲ್ಲಿ ಲೆಪ್ಟಿನ್ ಕಡಿಮೆ ಇರುವುದಿಲ್ಲ, ಹೆಚ್ಚೇ ಇರುತ್ತದೆ; ಮೆದುಳು ಅದಕ್ಕೆ ಓಗೊಡುವುದಿಲ್ಲ, ಅಷ್ಟೆ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅತಿ ವಿರಳ ಮಕ್ಕಳಿಗೆ ಮಾತ್ರ ಅದರ ಚುಚ್ಚುಮದ್ದು ಹೊಸ ಬದುಕು ಕೊಟ್ಟಿದೆ. 2017ರಲ್ಲಿ ಮುಂಬಯಿಯ ಚರ್ನಿರೋಡಿನ ಸೈಫೀ ಆಸ್ಪತ್ರೆಗೆ ಈಜಿಪ್ಟಿನಿಂದ ಕರೆತಂದ, ಸುಮಾರು 500 ಕೆ.ಜಿ. ತೂಗುತ್ತಿದ್ದರೆಂದು ವರದಿಯಾದ ಮಹಿಳೆಯಲ್ಲಿ ಕಂಡದ್ದು ಲೆಪ್ಟಿನ್ ಸಂದೇಶವನ್ನು ಹಿಡಿಯುವ ಗ್ರಾಹಕದ ಜೀನಿನಲ್ಲಿದ್ದ ದೋಷ.

ಲೆಪ್ಟಿನ್‌ಗೆ ಎದುರಾಳಿ ಗ್ರೆಲಿನ್. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗವಾ ಇದನ್ನು ಕಂಡುಹಿಡಿದರು. ಜಠರದಲ್ಲಿ ಹುಟ್ಟುವ ಇದು ರೂಢಿಯ ಊಟದ ಹೊತ್ತು ಹತ್ತಿರವಾದಂತೆ ಏರಿ, ಉಂಡ ಮೇಲೆ ಇಳಿಯುತ್ತದೆ. ಮುಂಬಯಿ ಸುತ್ತಲಿನ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ದಿನಚರಿಗೆ ಹೆಚ್ಚು ಸಂಬಂಧಪಟ್ಟದ್ದು ಇದೇ. ಡೊಂಬಿವಲಿ ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಸುಮಾರು 48 ಕಿ.ಮೀ. ದೂರ, ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಲು ನಸುಕಿನಲ್ಲೇ ಏಳಬೇಕು. ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಒಂದು ವಡಾಪಾವ್, ಕಟಿಂಗ್ ಚಹಾ. ಮನೆಯ ಊಟ ಹತ್ತರ ಮೇಲೆ. ಉಡುಪಿ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ ಶಟರ್ ಎಳೆದ ಮೇಲೆಯೇ ತಟ್ಟೆ. ಐರೋಲಿ, ಮಹಾಪೆ ಕಡೆಯ ಐಟಿ ಕಂಪನಿಗಳ ರಾತ್ರಿ ಪಾಳಿಯವರ ಪಾಡು ಬೇರೆಯೇ. 2004ರಲ್ಲಿ ಶಿಕಾಗೊದಲ್ಲಿ 12 ಆರೋಗ್ಯವಂತ ತರುಣರಿಗೆ ಎರಡು ರಾತ್ರಿ ತಲಾ ನಾಲ್ಕೇ ತಾಸು ಮಲಗಲು ಬಿಟ್ಟು ನೋಡಿದರು. ಲೆಪ್ಟಿನ್ ಶೇ. 18 ಇಳಿಯಿತು, ಗ್ರೆಲಿನ್ ಶೇ. 28 ಏರಿತು, ಹಸಿವು ಶೇ. 24 ಹೆಚ್ಚಿತು. 2022ರಲ್ಲಿ ಬಾಸ್ಟನ್ನಿನಲ್ಲಿ ಊಟದ ಹೊತ್ತನ್ನು ನಾಲ್ಕು ತಾಸು ತಡಮಾಡಿದಾಗ ಹಸಿವು ಹೆಚ್ಚಿತು, ಮೈ ಖರ್ಚು ಮಾಡುವ ಶಕ್ತಿಯೂ ತಗ್ಗಿತು. ನಿದ್ದೆಗೆಟ್ಟವನ ಕೈ ಕುರುಕಲು ತಿಂಡಿಗೆ ಚಾಚುವುದರ ಹಿಂದೆ ಇಷ್ಟೆಲ್ಲ ಇದೆ.

ಪಥ್ಯದಿಂದ ಇಳಿದ ತೂಕ ಮರಳುವುದೂ ಹಾರ್ಮೋನುಗಳ ಆಟವೇ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 50 ಮಂದಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿದರು. ವರ್ಷವಾದರೂ ಗ್ರೆಲಿನ್ ಹಳೆಯ ಮಟ್ಟಕ್ಕೆ ಇಳಿದಿರಲಿಲ್ಲ, ಲೆಪ್ಟಿನ್ ಏರಿರಲಿಲ್ಲ. ತೂಕ ಇಳಿದದ್ದನ್ನು ದೇಹ ಬರಗಾಲವೆಂದೇ ಎಣಿಸುತ್ತದೆ.

ಕರುಳಿನ ಹಾರ್ಮೋನುಗಳಲ್ಲಿ ಜಿಎಲ್‌ಪಿ-1 ಇಂದು ಮನೆಮಾತು. ಉಂಡ ಬಳಿಕ ಸ್ರವಿಸುವ ಇದು ಇನ್ಸುಲಿನ್ ಹೆಚ್ಚಿಸುತ್ತದೆ, ಜಠರ ಬರಿದಾಗುವುದನ್ನು ನಿಧಾನಿಸುತ್ತದೆ, ಹಸಿವನ್ನು ತಗ್ಗಿಸುತ್ತದೆ. ಆದರೆ ರಕ್ತದಲ್ಲಿ ಎರಡು ನಿಮಿಷಕ್ಕೇ ಅರ್ಧ ಕರಗಿಹೋಗುತ್ತದೆ. ಅದನ್ನೇ ಹೋಲುವ, ವಾರಗಟ್ಟಲೆ ಉಳಿಯುವ ಔಷಧ ಸೆಮಾಗ್ಲುಟೈಡ್. ಜಿಎಲ್‌ಪಿ-1ರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನನ್ನೂ ಅನುಕರಿಸುವುದು ಟಿರ್ಜೆಪಟೈಡ್. ಭಾರತಕ್ಕೆ ಟಿರ್ಜೆಪಟೈಡ್‌ನ ಮೌಂಜಾರೊ ಬ್ರಾಂಡು 2025ರ ಮಾರ್ಚ್‌ನಲ್ಲೂ ಸೆಮಾಗ್ಲುಟೈಡ್‌ನ ವೆಗೋವಿ ಬ್ರಾಂಡು ಜೂನ್‌ನಲ್ಲೂ ಬಂದವು. ವಾಕರಿಕೆ, ವಾಂತಿ, ಮಲಬದ್ಧತೆ ಇವುಗಳ ಸಾಮಾನ್ಯ ತೊಂದರೆಗಳು. ವೈದ್ಯರ ಚೀಟಿ ಇಲ್ಲದೆ ಇವನ್ನು ಕೊಳ್ಳುವಂತಿಲ್ಲ. ಪರಿಚಯದ ಮೆಡಿಕಲ್ ಅಂಗಡಿಯಿಂದ ತರಿಸಿಕೊಳ್ಳುವುದು ಅಪಾಯಕ್ಕೆ ಆಹ್ವಾನ. ಸೆಮಾಗ್ಲುಟೈಡ್ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 14.9ರಷ್ಟು ತೂಕ ಇಳಿಯಿತು. ಮದ್ದು ನಿಲ್ಲಿಸಿದ ಒಂದೇ ವರ್ಷದಲ್ಲಿ, ಇಳಿದದ್ದರ ಮೂರನೇ ಎರಡು ಭಾಗ ಮರಳಿತು.